ಗೂಡು ಕರಗಿಸಿ ಬೆಳಕಿನಲ್ಲಿ ಅಚ್ಚು: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಆಪರೇಷನ್ ಹೊಲಿಗೆಗೆ ಬಳಸುವ ರೇಷ್ಮೆ ದಾರದ ಬಗ್ಗೆ ಎರಡು ಪುಟ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದೆ: ರೇಷ್ಮೆಯ ಪ್ರೋಟೀನನ್ನು ಈಗ ಲೇಸರ್ ಬೆಳಕಿನಿಂದ ಕೂದಲೆಳೆಗಿಂತ ಸಣ್ಣ ಆಕಾರಗಳಾಗಿ ಅಚ್ಚು ಹಾಕುತ್ತಾರೆ ಎಂದು. ಎರಡು ಪುಟದ ಹೊಲಿಗೆಯನ್ನು ಯಾರೂ ಕೇಳಲಿಲ್ಲ, ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ಇರಲಿ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದುಕೊಳ್ಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮದು ಅಜ್ಜನ ಕಾಲದಿಂದ ನೂಲು ಬಿಚ್ಚುವ ಮನೆ. ಲೇಸರ್ ಎಂದರೆ ಸುಡುವುದು, ಇಲ್ಲವೇ ಕತ್ತರಿಸುವುದು ಎಂದಷ್ಟೇ ನಮಗೆ ಗೊತ್ತು. ರೇಷ್ಮೆಗೆ ಬೆಂಕಿ ತಾಗಿದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರಿನ ಹಾಗೆ ಕರಗಿ ಅಂಟುವುದಿಲ್ಲ. ಹಾಗಿದ್ದ ಮೇಲೆ ಅದರಿಂದ ಅಚ್ಚು ಹಾಕುವುದು ಹೇಗೆ?
– ಒಬ್ಬ ರೀಲರ್, ಶಿಡ್ಲಘಟ್ಟ

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ರೇಷ್ಮೆ ನೂಲು ಬೆಂಕಿಗೆ ಕರಗುವುದಿಲ್ಲ, ಕರಿಯುತ್ತದೆ. ಹಾಗಾಗಿ ಇಲ್ಲಿ ಕರಗಿಸುವ ಕೆಲಸ ಲೇಸರಿನದಲ್ಲ. ಅದು ಅದಕ್ಕೂ ಮೊದಲೇ ಪಾತ್ರೆ, ಬೀಕರುಗಳಲ್ಲಿ ಮುಗಿದಿರುತ್ತದೆ. ಕರಗಿದ ರೇಷ್ಮೆಯನ್ನು ಬೇಕಾದ ಜಾಗದಲ್ಲಿ ಮಾತ್ರ ಗಟ್ಟಿ ಮಾಡುವುದಷ್ಟೇ ಲೇಸರಿನ ಪಾಲಿನ ಕೆಲಸ.

ಮೊದಲ ಭಾಗವನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕೈಯಾರೆ ಮಾಡಿದವಳು, ಆದ್ದರಿಂದ ಸ್ವಲ್ಪ ಎಳೆದೇ ಹೇಳುತ್ತೇನೆ. ನೀವು ಗೂಡು ಬೇಯಿಸುವುದು ಎಳೆಯ ತುದಿ ಸಿಗಲಿ ಎಂದು. ಮೇಲಿನ ಅಂಟು ಸಡಿಲವಾದರೆ ನಿಮಗೆ ಸಾಕು. ನಮಗೆ ಆ ಅಂಟು, ಅಂದರೆ ಸೆರಿಸಿನ್, ಪೂರ್ತಿ ಹೋಗಬೇಕು. ಗೂಡನ್ನು ಕತ್ತರಿಯಿಂದ ನಾಲ್ಕಾರು ಚೂರು ಮಾಡಿ, ಒಳಗಿನ ಹುಳು ತೆಗೆದು, ಲೀಟರಿಗೆ ಎರಡು ಗ್ರಾಂನಷ್ಟು ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸುತ್ತೇವೆ. ನೀರು ಹಳದಿಯಾಗಿ, ಕೈಗೆ ಜಿಗುಟಾಗಿ ಬರುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದರೆ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಇಳಿದಿರುತ್ತದೆ. ಉಳಿದದ್ದು ಹತ್ತಿಯ ಹಾಗೆ ಬಿಡಿಬಿಡಿಯಾದ ಫೈಬ್ರಾಯಿನ್, ಅಂದರೆ ರೇಷ್ಮೆ ಎಳೆಯ ಮುಖ್ಯ ಪ್ರೋಟೀನ್. ಕುದಿಸುವ ಹೊತ್ತು ಇಲ್ಲಿ ದೊಡ್ಡ ವಿಷಯ. ಅರ್ಧ ಗಂಟೆಯ ಬದಲು ಒಂದು ಗಂಟೆ ಬಿಟ್ಟರೆ ಪ್ರೋಟೀನಿನ ಸರಪಳಿಗಳು ತುಂಡಾಗುತ್ತಾ ಹೋಗುತ್ತವೆ, ಮುಂದೆ ಬರುವ ಅಚ್ಚು ಮೆದುವಾಗುತ್ತದೆ. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ನಾನು ಹೇಳುತ್ತಿದ್ದದ್ದು ಒಂದೇ: ಒಲೆ ಹಚ್ಚಿಟ್ಟು ಕಾಫಿಗೆ ಹೋಗಬೇಡಿ.

ಆಮೇಲೆ ಕರಗಿಸುವುದು. ಫೈಬ್ರಾಯಿನ್ ನೀರಿಗೆ ಬಗ್ಗುವುದಲ್ಲ. ಅದರ ಸರಪಳಿಯಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಚಿಕ್ಕ ಅಮೈನೊ ಆಮ್ಲಗಳು ಒಂದೇ ವರಸೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತು ಹಾಳೆಗಳ ಹಾಗೆ ಪದರ ಕಟ್ಟುತ್ತವೆ. ಬೀಟಾ ಹಾಳೆ ಎನ್ನುವುದು ಇದನ್ನೇ. ನಿಮ್ಮ ನೂಲಿನ ಗಟ್ಟಿತನವೆಲ್ಲ ಅದರದ್ದು. ಆ ಪದರಗಳ ಹಿಡಿತ ಬಿಡಿಸಲು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ಗಾಢ ದ್ರಾವಣ ಬೇಕು, ಒಂದು ಲೀಟರಿನಲ್ಲಿ 800 ಗ್ರಾಂ ಮೀರಿ ಉಪ್ಪು. 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟರೆ ಹತ್ತಿಯಂತಿದ್ದದ್ದು ಮಾಯವಾಗಿ ತಿಳಿ ಜೇನಿನ ಬಣ್ಣದ ಮಂದ ದ್ರವ ಉಳಿಯುತ್ತದೆ. ಅದನ್ನು ಸಣ್ಣ ರಂಧ್ರಗಳ ಪೊರೆಯ ಚೀಲಕ್ಕೆ ತುಂಬಿ, ಶುದ್ಧ ನೀರಿನಲ್ಲಿ ಎರಡು ದಿನ ಇಳಿಬಿಟ್ಟು ಆಗಾಗ ನೀರು ಬದಲಿಸಬೇಕು. ಉಪ್ಪು ಹೊರಗೆ ಹೋಗುತ್ತದೆ, ಪ್ರೋಟೀನ್ ದೊಡ್ಡದಾದ್ದರಿಂದ ಒಳಗೇ ಉಳಿಯುತ್ತದೆ. ಕೊನೆಗೆ ಸಿಗುವುದು ನೂರಕ್ಕೆ ಆರರಿಂದ ಎಂಟು ಪಾಲು ರೇಷ್ಮೆ ಇರುವ ನೀರು. ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ತಾಳುತ್ತದೆ. ಬಾಟಲಿ ಜೋರಾಗಿ ಅಲುಗಾಡಿಸಿದಿರೋ, ನೊರೆ ಎದ್ದು ತಾನಾಗಿ ಗಟ್ಟಿಯಾಗಲು ಶುರು. ಹುಳುವಿನ ಗ್ರಂಥಿಯಲ್ಲೂ ಹೀಗೇ ದ್ರವವಾಗಿದ್ದು, ಹೊರಗೆ ಎಳೆಯುವ ಎಳೆತಕ್ಕೇ ನೂಲಾಗುವ ವಸ್ತು ಅಲ್ಲವೇ, ಅದರ ಸ್ವಭಾವ ಎಲ್ಲಿ ಹೋಗುತ್ತದೆ.

ಈಗ ಲೇಸರ್. ಈ ದ್ರಾವಣಕ್ಕೆ ಬೆಳಕು ಹೀರಿ ಚುರುಕಾಗುವ ಒಂದು ಸಹಾಯಕ ಅಣುವನ್ನು ಬೆರೆಸುತ್ತಾರೆ. ಬಿ2 ಜೀವಸತ್ವವಾದ ರೈಬೋಫ್ಲೇವಿನ್ ಅಂಥದ್ದು, ರುಥೇನಿಯಂ ಲೋಹದ ಒಂದು ಸಂಯುಕ್ತವೂ ಅಂಥದ್ದೇ. ಒಂದು ಹನಿ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಮಸೂರದ ಮೂಲಕ ಲೇಸರನ್ನು ಹನಿಯ ಒಳಗೆ ಒಂದು ಬಿಂದುವಿಗೆ ತರುತ್ತಾರೆ. ಆ ಬಿಂದುವಿನಲ್ಲಿ ಸಹಾಯಕ ಅಣು ಕೆರಳಿ, ಹತ್ತಿರವಿರುವ ಟೈರೋಸಿನ್ ಎಂಬ ಅಮೈನೊ ಆಮ್ಲಗಳನ್ನು ಜೋಡಿ ಜೋಡಿಯಾಗಿ ಹೆಣೆಯುವಂತೆ ಮಾಡುತ್ತದೆ. ಫೈಬ್ರಾಯಿನಿನ ನೂರು ಕೊಂಡಿಗಳಲ್ಲಿ ಸುಮಾರು ಐದು ಟೈರೋಸಿನ್. ಐದೇ ಆದರೂ ಒಂದು ಸರಪಳಿಯನ್ನು ಪಕ್ಕದ ಇನ್ನೊಂದಕ್ಕೆ ಬಿಗಿಯಲು ಅಷ್ಟು ಸಾಕು. ಬಿಗಿದುಕೊಂಡ ಜಾಗ ನೀರಿನಲ್ಲಿ ಕರಗದು. ಗಾಜಿನ ಚಪ್ಪಟೆಯನ್ನು ಕಂಪ್ಯೂಟರ್ ಹೇಳಿದಂತೆ ಕೂದಲಿನ ನೂರರಲ್ಲೊಂದು ಪಾಲಿನಷ್ಟು ಸಣ್ಣ ಹೆಜ್ಜೆಗಳಲ್ಲಿ ಸರಿಸುತ್ತಾ ಹೋದರೆ, ಬಿಂದು ಓಡಾಡಿದ ದಾರಿಯೆಲ್ಲ ಗಟ್ಟಿ. ಕೊನೆಗೆ ನೀರಿನಲ್ಲಿ ತೊಳೆದರೆ ಉಳಿದ ದ್ರಾವಣ ಹರಿದುಹೋಗಿ ಆಕಾರ ಮಾತ್ರ ಗಾಜಿಗೆ ಅಂಟಿ ನಿಂತಿರುತ್ತದೆ. ಎಲ್ಲೂ ಹೊಗೆಯಿಲ್ಲ, ಕೂದಲು ಸುಟ್ಟ ವಾಸನೆಯೂ ಇಲ್ಲ. ಶಕ್ತಿ ಹೆಚ್ಚು ಕೊಟ್ಟರೆ ಗುಳ್ಳೆ ಎದ್ದು ಕೆಲಸ ಕೆಡುತ್ತದೆ, ಅದು ಬೇರೆ ಮಾತು.

ಟೈರೋಸಿನ್ ಜೋಡಿಯ ಈ ಹೆಣಿಗೆ ಪ್ರಯೋಗಾಲಯದವರು ಕಂಡುಹಿಡಿದ ಜಾಣತನ ಎಂದುಕೊಳ್ಳಬೇಡಿ. ಕೀಟಗಳ ರೆಕ್ಕೆಯ ಕೀಲಿನಲ್ಲಿ, ಚಿಗಟ ಹಾರುವ ಕಾಲಿನ ಬುಡದಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನ್ ಇದೆ. ಅದನ್ನು ಹಿಡಿದಿಟ್ಟಿರುವುದೂ ಇದೇ ಬಂಧ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಈ ಕೆಲಸಕ್ಕೆ ಕಣ್ಣಿಗೆ ಕಾಣದ ಅತಿಗೆಂಪು ಲೇಸರ್ ಬಳಸುತ್ತಾರೆ ಎಂದು ಕೇಳಿದೆ. ಆ ಬೆಳಕನ್ನು ರೇಷ್ಮೆಯ ದ್ರಾವಣ ಹೀರುವುದೇ ಇಲ್ಲವಲ್ಲ? ಹೀರದಿದ್ದರೆ ಗಟ್ಟಿಯಾಗುವುದು ಹೇಗೆ? ಹೀರಿದರೆ ಬೆಳಕು ಹಾದುಬಂದ ದಾರಿಯುದ್ದಕ್ಕೂ ಗಟ್ಟಿಯಾಗಬೇಕಲ್ಲ?
– ದಾವಣಗೆರೆಯಿಂದ

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಎರಡೂ ಕಡೆಯಿಂದ ಸರಿಯಾಗಿಯೇ ಹಿಡಿದಿದ್ದೀರಿ.

ಸಹಾಯಕ ಅಣು ಕೆರಳಬೇಕಾದರೆ ಅದಕ್ಕೆ ನೀಲಿ ಅಥವಾ ನೇರಳಾತೀತ ಬೆಳಕಿನ ಒಂದು ಕಣದಷ್ಟು, ಅಂದರೆ ಒಂದು ಫೋಟಾನಿನಷ್ಟು ಶಕ್ತಿ ಬೇಕು. 780–800 ನ್ಯಾನೊಮೀಟರ್ ತರಂಗಾಂತರದ ಅತಿಗೆಂಪು ಫೋಟಾನಿಗೆ ಅದರ ಅರ್ಧ ಶಕ್ತಿಯಷ್ಟೇ ಇದೆ. ಒಂದು ಬಂದು ತಾಗಿದರೆ ಏನೂ ಆಗದು. ಆದರೆ ಎರಡು ಫೋಟಾನ್ ಒಂದೇ ಅಣುವಿಗೆ ಒಂದೇ ಕ್ಷಣದಲ್ಲಿ ತಾಗಿದರೆ ಎರಡರ ಶಕ್ತಿ ಕೂಡಿ ಕೆಲಸ ನಡೆಯುತ್ತದೆ. ಊರ ಬೀದಿಯಲ್ಲಿ ನಡೆಯುವಾಗ ಯಾರದಾದರೂ ಒಬ್ಬರ ಭುಜ ತಾಗಬಹುದು. ಎರಡೂ ಕಡೆಯಿಂದ ಇಬ್ಬರು ಒಟ್ಟಿಗೆ ತಾಗಬೇಕೆಂದರೆ ತೇರಿನ ಹಗ್ಗದ ಹತ್ತಿರದ ನೂಕುನುಗ್ಗಲೇ ಆಗಬೇಕು. ಲೇಸರ್ ಕಿರಣ ಹನಿಯೊಳಗೆ ಇಳಿಯುವ ದಾರಿಯಲ್ಲಿ ಫೋಟಾನುಗಳು ವಿರಳ. ಮಸೂರ ಅವನ್ನೆಲ್ಲ ಒಂದೆಡೆ ತಂದು ಒತ್ತುವ ಬಿಂದುವಿನಲ್ಲಿ ಮಾತ್ರ ಆ ನೂಕುನುಗ್ಗಲು. ಬೆಳಕಿನ ತೀವ್ರತೆ ಅರ್ಧವಾದರೆ ಈ ಜೋಡಿ ಹೀರಿಕೆ ಅರ್ಧಕ್ಕಿಳಿಯುವುದಿಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಬಿಂದುವಿನಿಂದ ಸ್ವಲ್ಪ ಆಚೆ ಸರಿದರೂ ಸದ್ದಿಲ್ಲ.

ಇದನ್ನು ಕಾಗದದ ಮೇಲೆ ಮೊದಲು ತೋರಿಸಿದವಳು ಮರಿಯಾ ಗ್ಯೋಪರ್ಟ್ ಮೇಯರ್. ಜರ್ಮನಿಯ ಗಟಿಂಗೆನ್ನಿನಲ್ಲಿ ಡಾಕ್ಟರೇಟಿಗೆ ಮಾಡಿದ ಕೆಲಸ, 1931ರಲ್ಲಿ ಪ್ರಕಟವಾಯಿತು. ಆಗ ಲೇಸರೇ ಇರಲಿಲ್ಲ. ಅಷ್ಟು ಫೋಟಾನುಗಳನ್ನು ಒಂದೆಡೆ ಗುಡ್ಡೆ ಹಾಕುವ ಸಾಧನ ಯಾರ ಬಳಿಯೂ ಇರಲಿಲ್ಲ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಮರುವರ್ಷವೇ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಕೈಸರ್ ಮತ್ತು ಗ್ಯಾರೆಟ್ ಮಾಣಿಕ್ಯದ ಲೇಸರಿನ ಕೆಂಪು ಬೆಳಕನ್ನು ಒಂದು ಹರಳಿಗೆ ಬಿಟ್ಟು ನೀಲಿ ಬೆಳಕು ಹೊರಬರುವುದನ್ನು ತೋರಿಸಿದರು. ಮೂವತ್ತು ವರ್ಷ ಕಾದು ಕೂತಿದ್ದ ಲೆಕ್ಕ ಹಾಗೆ ಕಣ್ಣಿಗೆ ಬಿತ್ತು. ಆಕೆಗೆ 1963ರಲ್ಲಿ ನೊಬೆಲ್ ಬಂತು, ಅದೂ ಬೇರೆ ಕೆಲಸಕ್ಕೆ, ಪರಮಾಣು ನ್ಯೂಕ್ಲಿಯಸ್ಸಿನ ಚಿಪ್ಪಿನ ರಚನೆಗೆ. ಬದುಕಿನ ಬಹುಪಾಲು ಸಂಬಳವಿಲ್ಲದೆಯೋ ಅರ್ಧಂಬರ್ಧ ಹುದ್ದೆಯಲ್ಲೋ ದುಡಿದ ಹೆಂಗಸು ಎನ್ನುವುದನ್ನೂ ನಿಮ್ಮ ನೋಟ್ಸಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಎರಡು ಫೋಟಾನ್ ಹೀರಿಕೆಯನ್ನು ಅಳೆಯುವ ಏಕಮಾನಕ್ಕೆ ಇಂದು ಆಕೆಯ ಹೆಸರೇ ಇದೆ.

ಇನ್ನು ಲೇಸರಿನ ಲೆಕ್ಕ. ಇಲ್ಲಿ ಬಳಸುವುದು ಒಂದೇ ಸಮ ಉರಿಯುವ ಲೇಸರನ್ನಲ್ಲ, ಮಿಡಿಯುವ ಲೇಸರನ್ನು. ಒಂದೊಂದು ಮಿಡಿತ ಸುಮಾರು 100 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಸೆಕೆಂಡಿಗೆ ಎಂಟು ಕೋಟಿ ಮಿಡಿತ. ಸರಾಸರಿ ಶಕ್ತಿ 20 ಮಿಲಿವ್ಯಾಟ್ ಎಂದಿಟ್ಟುಕೊಳ್ಳಿ, ಮಿಡಿತ ಇರುವ ಆ ಕ್ಷಣದ ಶಕ್ತಿ ಎಷ್ಟಾಯಿತು? ನೀವೇ ಭಾಗಿಸಿ ನೋಡಿ, 2,500 ವ್ಯಾಟ್ ಬರಬೇಕು. ನೂಕುನುಗ್ಗಲು ಹುಟ್ಟುವುದು ಅಲ್ಲಿ. ಸರಾಸರಿ ಕಡಿಮೆ ಇರುವುದರಿಂದ ಹನಿ ಬಿಸಿಯೇರಿ ಪ್ರೋಟೀನ್ ಬೆಂದುಹೋಗುವುದಿಲ್ಲ.

ಇದರಿಂದ ಎಷ್ಟು ಸಣ್ಣದು ಮಾಡಬಹುದು? 2001ರಲ್ಲಿ ಜಪಾನಿನ ಒಸಾಕಾದಲ್ಲಿ ಸತೋಶಿ ಕವಾಟಾ ಅವರ ತಂಡ ಒಂದು ಗೂಳಿಯನ್ನು ಕೆತ್ತಿ ತೋರಿಸಿತು: 10 ಮೈಕ್ರಾನ್ ಉದ್ದ, 7 ಮೈಕ್ರಾನ್ ಎತ್ತರ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಕೊಂಬು ಬಾಲ ಎಲ್ಲ ಇದ್ದದ್ದು. ನೂಲಿನ ಒಂದು ಎಳೆಯೊಳಗಿನ ಒಂಟಿ ತಂತುವಿನ ಅಗಲವೇ ಸುಮಾರು 10 ಮೈಕ್ರಾನ್. ಆ ಗೂಳಿ ಅದರ ಮೇಲೆ ಅಡ್ಡಲಾಗಿ ನಿಲ್ಲಬಹುದಿತ್ತು. ಆದರೆ ಗೂಳಿ ಪ್ಲಾಸ್ಟಿಕ್ಕಿನ ಜಾತಿಯ ರಾಳದ್ದು. ರೇಷ್ಮೆಯ ನೀರಿನಲ್ಲಿ ಇದೇ ವಿದ್ಯೆಯನ್ನು ನಡೆಸಿ ತೋರಿಸಿದ ಮುಖ್ಯ ಕೆಲಸ 2015ರದು. ಚೀನಾದ ಜಿಲಿನ್ ವಿಶ್ವವಿದ್ಯಾಲಯದ ಹಾಂಗ್‌ಬೊ ಸುನ್, ಶಾಂಘೈಯ ಫುದಾನ್ ವಿಶ್ವವಿದ್ಯಾಲಯದ ರೇಷ್ಮೆ ತಜ್ಞರ ಜೊತೆ ಸೇರಿ ಮಾಡಿದ್ದು. ಈ ಸುನ್ ಒಸಾಕಾದ ಗೂಳಿಯ ತಂಡದಲ್ಲೂ ಇದ್ದವರು.

ಪ್ರಶ್ನೆ: ನನ್ನ ಮಗಳಿಗೆ ಕಣ್ಣಿನ ಕರಿಗುಡ್ಡೆಯ ಮುಂಭಾಗ ಉಬ್ಬುವ ತೊಂದರೆ, ಕೆರಟೊಕೋನಸ್ ಅಂದರು. ಹಳದಿ ಹನಿ ಬಿಟ್ಟು, ನೇರಳಾತೀತ ಬೆಳಕು ಹಾಯಿಸಿ ಗಟ್ಟಿ ಮಾಡಿದರು. ನೀವು ಬರೆದದ್ದು ಇದೇನಾ? ರೇಷ್ಮೆಯ ಈ ಅಚ್ಚುಗಳನ್ನು ದೇಹದೊಳಗೆ ಇಡುವ ಕಾಲ ಬಂದಿದೆಯಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಅದೇ ಅಲ್ಲ, ಆದರೆ ಹತ್ತಿರದ ನೆಂಟ. ಆ ಹಳದಿ ಹನಿ ರೈಬೋಫ್ಲೇವಿನ್. ಬೆಳಕು ಬಿದ್ದಾಗ ಅದು ನಿಮ್ಮ ಮಗಳ ಕಣ್ಣಿನ ಪಾರದರ್ಶಕ ಪಟಲದ ಕೊಲ್ಯಾಜೆನ್ ಎಳೆಗಳ ನಡುವೆ ಹೊಸ ಕೊಂಡಿಗಳನ್ನು ಹಾಕುತ್ತದೆ. ಪಟಲ ಬಿಗಿಯಾಗಿ ಇನ್ನಷ್ಟು ಉಬ್ಬುವುದು ನಿಲ್ಲುತ್ತದೆ. ಅಲ್ಲಿ ಬೆಳಕು ಇಡೀ ಪಟಲದ ಮೇಲೆ ಹರಡಿ ಬೀಳುತ್ತದೆ, ಒಂದೊಂದು ಬಿಂದುವಾಗಿ ಬರೆಯುವುದಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಇದೇ ರೈಬೋಫ್ಲೇವಿನ್ನನ್ನು ರೇಷ್ಮೆಯ ದ್ರಾವಣಕ್ಕೆ ಬೆರೆಸಿ ಬೆಳಕಿನಲ್ಲಿ ಗಟ್ಟಿ ಮಾಡಿದರು, ಅದೂ ಕಣ್ಣಿನಲ್ಲಿ ಬಳಸುವ ಉದ್ದೇಶದಿಂದಲೇ.

ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಲೇಸರಿನಲ್ಲಿ ಬರೆದ ರೇಷ್ಮೆಯ ಸೂಕ್ಷ್ಮ ಆಕಾರಗಳು ಪ್ರಯೋಗಾಲಯದ ಬಾಗಿಲು ದಾಟಿ ಆಸ್ಪತ್ರೆಗೆ ಬಂದಿಲ್ಲ. ಯಾರಾದರೂ ಬಂದಿದೆ ಎಂದು ಹೇಳಿ ಹಣ ಕೇಳಿದರೆ ಕೊಡಬೇಡಿ.

ಹಾಗಾದರೆ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ? ನನ್ನ ಮಟ್ಟಿಗೆ ಕಾರಣ ಒಂದೇ, ನೀರು. ಇಂಥ ಸೂಕ್ಷ್ಮ ಅಚ್ಚಿಗೆ ವಾಡಿಕೆಯಲ್ಲಿ ಬಳಸುವ ರಾಳಗಳು ಅಕ್ರಿಲಿಕ್ ಜಾತಿಯವು. ಅಚ್ಚಾದ ಮೇಲೆ ತೊಳೆಯಲು ಕಟುವಾದ ದ್ರಾವಕಗಳು ಬೇಕು. ಅದರಲ್ಲಿ ಒಂದು ಕಿಣ್ವವನ್ನೋ ಪ್ರತಿಕಾಯವನ್ನೋ (ರೋಗಾಣುವಿನಂಥ ಗುರಿಯನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಬೆರೆಸಿದರೆ ಅದು ಸುರುಟಿಕೊಂಡು ಕೆಲಸಕ್ಕೆ ಬಾರದಾಗುತ್ತದೆ. ರೇಷ್ಮೆಯಲ್ಲಿ ಶುರುವಿನಿಂದ ಕೊನೆಯವರೆಗೆ ನೀರೇ. ಬೆರೆಸುವುದು ನೀರಿನಲ್ಲಿ, ತೊಳೆಯುವುದೂ ನೀರಿನಲ್ಲಿ. 2017ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯದವರು ರೇಷ್ಮೆಯ ಜೊತೆಗೆ ಪ್ರತಿಕಾಯಗಳನ್ನು ಬೆರೆಸಿಯೇ ಲೇಸರಿನಲ್ಲಿ ಬರೆದರು. ಅಚ್ಚಿನೊಳಗೆ ಸಿಕ್ಕಿಕೊಂಡ ಮೇಲೂ ಪ್ರತಿಕಾಯಗಳು ತಮ್ಮ ಗುರಿಯನ್ನು ಗುರುತಿಸಿ ಹಿಡಿದವು. ವಾಯುಪಡೆಗೆ ರೇಷ್ಮೆ ಏಕೆ ಎಂದು ನಗಬೇಡಿ. ರಕ್ತದಲ್ಲೋ ಬೆವರಿನಲ್ಲೋ ಏನಿದೆ ಎಂದು ಹೇಳುವ ಚಿಕ್ಕ ಸಂವೇದಕ ಯಾರಿಗೆ ಬೇಡ?

ಇನ್ನೊಂದು ದಾರಿ ಇದರ ತಿರುವುಮುರುವು. ಟಫ್ಟ್ಸ್‌ನಲ್ಲೇ ಫಿಯೊರೆಂಜೊ ಒಮೆನೆಟ್ಟೊ, ಡೇವಿಡ್ ಕಪ್ಲಾನ್ ಅವರ ಬಳಗ 2015ರಲ್ಲಿ ಮಾಡಿದ್ದು ನೋಡಿ: ಮೊದಲೇ ಗಟ್ಟಿಯಾದ ತಿಳಿಯಾದ ರೇಷ್ಮೆಯ ಜೆಲ್ ತೆಗೆದುಕೊಂಡು, ಅದರ ಒಡಲಿನಲ್ಲಿ ಲೇಸರಿನಿಂದ ಸುರಂಗ ಕೊರೆದರು, ಮೇಲ್ಮೈ ಮುಟ್ಟದೆ. ಸುಮಾರು ಒಂದು ಸೆಂಟಿಮೀಟರ್ ಆಳದವರೆಗೂ ಕೊರೆಯಲು ಆಯಿತು, ಏಕೆಂದರೆ ಜೆಲ್ ಅಷ್ಟು ಪಾರದರ್ಶಕ. ಜೀವಕೋಶಗಳನ್ನು ಬೆಳೆಸುವವರಿಗೆ ದೊಡ್ಡ ತಲೆನೋವೆಂದರೆ ದಪ್ಪ ಜೆಲ್ಲಿನ ನಡುವೆ ಇರುವ ಕೋಶಗಳಿಗೆ ಆಹಾರ, ಆಮ್ಲಜನಕ ತಲುಪದಿರುವುದು. ರಕ್ತನಾಳದಂಥ ಕಾಲುವೆ ಬೇಕು. ನನ್ನನ್ನು ಕೇಳಿದರೆ, ಚಿಕ್ಕ ಚಿಕ್ಕ ಗೋಪುರ ಕಟ್ಟಿ ಫೋಟೊ ತೆಗೆಯುವುದಕ್ಕಿಂತ ಈ ಸುರಂಗದ ಕೆಲಸಕ್ಕೆ ಮುಂದೆ ಹೆಚ್ಚು ಬೆಲೆ ಬರುತ್ತದೆ.

ರೇಷ್ಮೆ ದೇಹಕ್ಕೆ ಹೊಸದಲ್ಲ, ಹೊಲಿಗೆ ದಾರವಾಗಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಸೆರಿಸಿನ್ ತೆಗೆದ ಶುದ್ಧ ಫೈಬ್ರಾಯಿನನ್ನು ದೇಹ ನಿಧಾನವಾಗಿ ಅಮೈನೊ ಆಮ್ಲಗಳಾಗಿ ಒಡೆದು ಅರಗಿಸಿಕೊಳ್ಳುತ್ತದೆ. ಎಷ್ಟು ನಿಧಾನ ಎನ್ನುವುದು ಅದರಲ್ಲಿ ಬೀಟಾ ಹಾಳೆ ಎಷ್ಟಿದೆ ಎಂಬುದರ ಮೇಲೆ. ಅಚ್ಚನ್ನು ಮೆಥನಾಲ್ ಆವಿಯಲ್ಲೋ ನೀರಿನ ಆವಿಯಲ್ಲೋ ಸ್ವಲ್ಪ ಹೊತ್ತು ಇಟ್ಟರೆ ಹಾಳೆಗಳು ಹೆಚ್ಚಿ, ಹೆಚ್ಚು ದಿನ ಬಾಳುತ್ತದೆ.

ಪ್ರಶ್ನೆ: ನಾವು ಎರಡು ಎಕರೆ ಹಿಪ್ಪುನೇರಳೆ ಇಟ್ಟುಕೊಂಡವರು. ಸೊಪ್ಪು ಕೊಯ್ಯುವ ಆಳಿಗೂ ಸಾಲದ ರೇಟು ಕೆಲವು ಸಲ. ಈ ಲೇಸರ್ ರೇಷ್ಮೆಯಿಂದ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಏರುತ್ತದಾ ಅಕ್ಕಾ?
– ಕನಕಪುರ ತಾಲೂಕಿನ ರೈತರು

ಉತ್ತರ: ನನ್ನ ತವರೂ ನಿಮ್ಮ ಕಡೆಯೇ. ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತರೆ ಮನೆಯಲ್ಲಿ ಜೋರಾಗಿ ಮಾತಾಡಲೂ ಬಿಡದ, ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವ ರಾತ್ರಿ ಯಾರಿಗೂ ನಿದ್ದೆ ಇಲ್ಲದ ಮನೆ ನಮ್ಮದು. ಆದ್ದರಿಂದ ಸುಳ್ಳು ಆಸೆ ಹುಟ್ಟಿಸಲು ಮನಸ್ಸು ಬರುವುದಿಲ್ಲ. ಏರುವುದಿಲ್ಲ.

ಲೆಕ್ಕ ಹೀಗಿದೆ. ಒಂದು ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡಿನ ಚಿಪ್ಪು ಸುಮಾರು 0.4 ಗ್ರಾಂ. ಅಂಟು ಕಳೆದರೆ 0.3 ಗ್ರಾಂ ಫೈಬ್ರಾಯಿನ್. ಲೇಸರಿನಲ್ಲಿ ಬರೆಯುವವರು ಒಂದು ಘನಾಕೃತಿ ಮಾಡಿದರು ಎನ್ನಿ, ಎಲ್ಲ ಕಡೆಗೂ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಳಗೆ ಟೊಳ್ಳಿಲ್ಲದೆ ತುಂಬಿದರೂ ಅದರ ತೂಕ ಒಂದೂವರೆ ಮೈಕ್ರೊಗ್ರಾಂ ಮುಟ್ಟುವುದಿಲ್ಲ. ನಿಮ್ಮ ಒಂದೇ ಗೂಡಿನಿಂದ ಅಂಥವು ಎರಡು ಲಕ್ಷಕ್ಕೂ ಹೆಚ್ಚು ಆಗುತ್ತವೆ. ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಸೇರಿ ವರ್ಷವಿಡೀ ಬರೆದರೂ ಒಂದು ಚಂದ್ರಿಕೆಯ ಗೂಡು ಖಾಲಿಯಾಗುವುದು ಅನುಮಾನ.

ಅಷ್ಟೇ ಅಲ್ಲ, ಬರೆಯುವುದೂ ನಿಧಾನ. ಆ ಘನಾಕೃತಿಯನ್ನು ಒಂದು ಮೈಕ್ರಾನ್ ದಪ್ಪದ ಪದರಗಳಾಗಿ, ಪದರದೊಳಗೆ ಅರ್ಧ ಮೈಕ್ರಾನಿಗೊಂದು ಗೆರೆ ಎಳೆದು ತುಂಬಬೇಕೆಂದರೆ ಒಟ್ಟು ಗೆರೆಯ ಉದ್ದ ಎರಡು ಮೀಟರ್ ಆಗುತ್ತದೆ. ಸೆಕೆಂಡಿಗೆ 100 ಮೈಕ್ರಾನ್ ವೇಗದಲ್ಲಿ ಹೋದರೆ ಐದೂವರೆ ಗಂಟೆ ಬೇಕು, ಮರಳಿನ ಕಾಳಿಗಿಂತ ಚಿಕ್ಕದಾದ ಒಂದು ವಸ್ತುವಿಗೆ. ನಿಮ್ಮ ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ನೂಲು ಬಿಡುತ್ತದೆ. ಈ ಲೇಸರಿಗಿಂತ ನೂರು ಪಟ್ಟು ವೇಗ, ಅದೂ ಬರೀ ಸೊಪ್ಪು ತಿಂದು.

ಗೂಡಿನ ಬೆಲೆಯನ್ನು ಆಡಿಸುವುದು ಚೀನಾದಿಂದ ಬರುವ ಕಚ್ಚಾ ರೇಷ್ಮೆ, ಆಮದು ಸುಂಕ, ಮದುವೆಯ ಸೀಸನ್ನು, ಮಳೆ ಬಿಸಿಲು. ಆ ಪಟ್ಟಿಯಲ್ಲಿ ಲೇಸರಿಗೆ ಜಾಗ ಇಲ್ಲ. ಔಷಧಿ, ಸೌಂದರ್ಯವರ್ಧಕ, ಹಣ್ಣಿನ ಮೇಲೆ ಬಳಿಯುವ ಲೇಪನ, ಇಂಥವಕ್ಕೆ ಫೈಬ್ರಾಯಿನ್ ಕೆಜಿಗಟ್ಟಲೆ ಬೇಕಾಗುತ್ತದೆ. ಹಣ್ಣು ಕೆಡದಂತೆ ರೇಷ್ಮೆಯ ತೆಳು ಲೇಪ ಬಳಿಯುವ ಕೆಲಸವೂ ಟಫ್ಟ್ಸ್‌ನಿಂದಲೇ ಬಂದದ್ದು. ಬೆಲೆಯ ಆಸೆ ಇಟ್ಟುಕೊಳ್ಳುವುದಾದರೆ ಆ ಕಡೆ ಇಟ್ಟುಕೊಳ್ಳಿ. ಆದರೆ ಅಲ್ಲೂ ಅವರು ಕೇಳುವುದು ನೂಲು ಬಿಚ್ಚಲು ಬರುವ ಒಳ್ಳೆ ಗೂಡನ್ನೇ ಅಲ್ಲ. ಅದಕ್ಕೆ ಕೊನೆಯ ಪ್ರಶ್ನೆಯಲ್ಲಿ ಬರುತ್ತೇನೆ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಇದರಲ್ಲಿ ಏನಾದರೂ ಕೈಯಾರೆ ಮಾಡಿಸಬಹುದಾ? ಭಾರತದಲ್ಲಿ ಯಾರಾದರೂ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರಾ?
– ತುಮಕೂರಿನಿಂದ

ಉತ್ತರ: ಫೆಮ್ಟೊಸೆಕೆಂಡ್ ಲೇಸರಿನ ಆಸೆ ಬಿಡಿ, ಅದು ಕೋಟಿಗಳ ಮಾತು. ಆದರೆ ಗೂಡು ಕರಗಿಸುವುದು, ಟೈರೋಸಿನ್ ಹೆಣಿಗೆ ಎರಡನ್ನೂ ಕಾಲೇಜಿನಲ್ಲೇ ತೋರಿಸಬಹುದು.

ಲಿಥಿಯಂ ಬ್ರೋಮೈಡ್ ದುಬಾರಿ. ಅದರ ಬದಲು ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು, ಮೋಲ್ ಲೆಕ್ಕದಲ್ಲಿ 1:2:8. ತೂಕದಲ್ಲಿ 111 ಗ್ರಾಂ, 92 ಗ್ರಾಂ, 144 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ನೀರಿಲ್ಲದ ಬಗೆಯದ್ದಾಗಿರಲಿ. ಬೆರೆಸುವಾಗಲೇ ಚೆನ್ನಾಗಿ ಬಿಸಿಯಾಗುತ್ತದೆ, ನಿಧಾನವಾಗಿ ಹಾಕಿಸಿ. ಅಂಟು ತೆಗೆದ ರೇಷ್ಮೆಯನ್ನು ಇದರಲ್ಲಿ ಹಾಕಿ 70–80 ಡಿಗ್ರಿಯಲ್ಲಿಟ್ಟರೆ ಕರಗುತ್ತದೆ. ಎಥನಾಲ್ ಇರುವುದರಿಂದ ಬರ್ನರ್ ಹತ್ತಿರ ತರಬೇಡಿ, ವಾಟರ್ ಬಾತ್ ಸಾಕು, ಪಾತ್ರೆಗೆ ಮುಚ್ಚಳ ಇರಲಿ. ಡಯಾಲಿಸಿಸ್ ಚೀಲ, ಅಂದರೆ ಮೇಲೆ ಹೇಳಿದ ಪೊರೆಯ ಚೀಲ, ಕೊಳ್ಳಲೇಬೇಕು. ಉಪ್ಪು ಹೋಯಿತೋ ಇಲ್ಲವೋ ಎನ್ನುವುದನ್ನು ಹೊರಗಿನ ನೀರಿನ ವಾಹಕತೆ ಅಳೆದು ನೋಡಿಸಿ. ಮೀಟರ್ ನಿಮ್ಮ ಲ್ಯಾಬಿನಲ್ಲಿ ಹೇಗೂ ಇರುತ್ತದೆ. ಕ್ಯಾಲ್ಸಿಯಂ ಉಳಿದರೆ ದ್ರಾವಣ ಬೇಗ ಕೆಡುತ್ತದೆ.

ಹೆಣಿಗೆ ತೋರಿಸಲು ಬೆಳಕೇ ಬೇಕೆಂದಿಲ್ಲ. ಮೂಲಂಗಿಯ ಜಾತಿಯ ಹಾರ್ಸ್‌ರ‍್ಯಾಡಿಶ್ ಗೆಡ್ಡೆಯಿಂದ ತೆಗೆದ ಪೆರಾಕ್ಸಿಡೇಸ್ ಕಿಣ್ವ ಜೀವಶಾಸ್ತ್ರ ವಿಭಾಗದವರ ಫ್ರಿಜ್ಜಿನಲ್ಲಿ ಇದ್ದರೆ ಚೂರು ಕೇಳಿ ತನ್ನಿ. ಫೈಬ್ರಾಯಿನ್ ದ್ರಾವಣಕ್ಕೆ ಆ ಕಿಣ್ವ, ಒಂದಿಷ್ಟು ತೀರ ತೆಳುವಾದ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಬೆಚ್ಚಗಿಟ್ಟರೆ ತಿಳಿಯಾದ, ಒತ್ತಿದರೆ ಪುಟಿಯುವ ಜೆಲ್ ಆಗುತ್ತದೆ. ಕೋಣೆ ಕತ್ತಲು ಮಾಡಿ ನೇರಳಾತೀತ ದೀಪದ ಕೆಳಗಿಟ್ಟರೆ ಜೆಲ್ ನಸುನೀಲಿಯಾಗಿ ಹೊಳೆಯುತ್ತದೆ. ಜೋಡಿಯಾದ ಟೈರೋಸಿನ್ನಿನದೇ ಆ ಹೊಳಪು. ಪಕ್ಕದಲ್ಲಿ ಕಿಣ್ವ ಹಾಕದ ದ್ರಾವಣವನ್ನೂ ಇಡಿಸಿ, ವ್ಯತ್ಯಾಸ ಮಕ್ಕಳೇ ಹೇಳಲಿ. ಕಣ್ಣಿಗೆ ಕನ್ನಡಕ ಕಡ್ಡಾಯ.

ಭಾರತದ ಕೊಡುಗೆ ಇದೆ. ಖರಗಪುರದ ಐಐಟಿಯಲ್ಲಿ ಸುಭಾಷ್ ಕುಂಡು ಅವರ ಪ್ರಯೋಗಾಲಯ ದೇಶದ ರೇಷ್ಮೆ ಪ್ರೋಟೀನುಗಳ ಮೇಲೆ, ಕಾಡಿನ ಟಸರ್ ಸೇರಿದಂತೆ, ದೀರ್ಘಕಾಲ ಕೆಲಸ ಮಾಡಿತು. ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ವಂಶಿ ಯಾದವಳ್ಳಿ ಅವರ ತಂಡದೊಂದಿಗೆ ಸೇರಿ 2013ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ, ಫೈಬ್ರಾಯಿನಿಗೆ ಬೆಳಕಿಗೆ ಸ್ಪಂದಿಸುವ ಗುಂಪುಗಳನ್ನು ರಾಸಾಯನಿಕವಾಗಿ ಅಂಟಿಸಿ, ಚಿಪ್ ತಯಾರಿಕೆಯ ಹಾಗೆ ಮುಖವಾಡದ ಮೂಲಕ ನೇರಳಾತೀತ ಬೆಳಕು ಹಾಯಿಸಿ ಸೂಕ್ಷ್ಮ ವಿನ್ಯಾಸ ಮೂಡಿಸಿದರು. ಅದು ಬಿಂದು ಬಿಂದುವಾಗಿ ಬರೆಯುವುದಲ್ಲ, ಒಂದೇ ಏಟಿಗೆ ಇಡೀ ಹಾಳೆ. ಆಳದ ಆಕಾರ ಬಾರದು, ಆದರೆ ಎಷ್ಟೋ ವೇಗ. ಕೊರಿಯಾದ ಹಾಲ್ಲಿಮ್ ವಿಶ್ವವಿದ್ಯಾಲಯದವರು 2018ರಲ್ಲಿ ಇದೇ ಬಗೆಯ ಅಂಟಿಸುವ ಉಪಾಯ ಮಾಡಿ, ಪ್ರೊಜೆಕ್ಟರ್ ಬೆಳಕಿನಲ್ಲಿ ಪದರ ಪದರವಾಗಿ ಕಣ್ಣಿಗೆ ಕಾಣುವಷ್ಟು ದೊಡ್ಡ ಆಕಾರಗಳನ್ನೇ ಅಚ್ಚು ಹಾಕಿದರು. ನಿಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ಈ ದಾರಿ ಹಿಡಿದರೆ ಲೇಸರಿಗಿಂತ ಮೊದಲು ಈ ಪ್ರೊಜೆಕ್ಟರಿನ ವಿಧಾನ ಕಲಿಯಲಿ ಎಂದು ನನ್ನ ಸಲಹೆ. ಅದರಲ್ಲಿ ಕೆಲಸ ಬೇಗ ಕಾಣುತ್ತದೆ, ಯಂತ್ರವೂ ಕೈಗೆಟುಕುತ್ತದೆ.

ಪ್ರಶ್ನೆ: ಇದಕ್ಕೂ ಹುಳುವನ್ನು ಕೊಲ್ಲಲೇಬೇಕಾ?
– ಮೂಡುಬಿದಿರೆಯಿಂದ

ಉತ್ತರ: ಬೇಕಿಲ್ಲ. ನೂಲು ಬಿಚ್ಚುವವರಿಗೆ ಎಳೆ ತುಂಡಾಗಬಾರದು, ಅದಕ್ಕೆ ಚಿಟ್ಟೆ ಹೊರಬರುವ ಮೊದಲೇ ಗೂಡನ್ನು ಬಿಸಿಗೆ ಒಡ್ಡುತ್ತಾರೆ. ನಮಗೆ ಗೂಡನ್ನು ಕತ್ತರಿಸುವುದೇ ಮೊದಲ ಕೆಲಸವಾದ್ದರಿಂದ ಎಳೆ ಉಳಿದರೆಷ್ಟು ಬಿಟ್ಟರೆಷ್ಟು. ಚಿಟ್ಟೆ ತೂತು ಮಾಡಿಕೊಂಡು ಹಾರಿಹೋದ ಗೂಡು, ಮೊಟ್ಟೆ ಕೇಂದ್ರಗಳಲ್ಲಿ ಉಳಿಯುವ ಗೂಡು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಹೊಡೆದು ತೂತಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ರೀಲರುಗಳು ಕಡಿಮೆ ಬೆಲೆಗೂ ಮೂಗು ಮುರಿಯುವ ಇವೆಲ್ಲವೂ ಕರಗಿಸಲು ಆಗುತ್ತವೆ. ಚಿಟ್ಟೆ ಹೊರಬರುವಾಗ ಬಿಡುವ ಕಂದು ದ್ರವದ ಕಲೆ, ಊಜಿ ಹೊಡೆದ ಗೂಡಿನೊಳಗೆ ಸತ್ತ ಹುಳುವಿನ ಕಲೆ ಇದ್ದರೆ ಆ ಭಾಗವನ್ನು ಕತ್ತರಿಸಿ ಬಿಸಾಡಬೇಕು. ಇಲ್ಲವಾದರೆ ದ್ರಾವಣ ಮಬ್ಬಾಗುತ್ತದೆ, ಮಬ್ಬಾದ ಹನಿಯಲ್ಲಿ ಲೇಸರ್ ಬಿಂದು ಚದುರಿಹೋಗುತ್ತದೆ. ಕನಕಪುರದವರಿಗೆ ಹೇಳಿದ್ದೂ ಇದನ್ನೇ: ಫೈಬ್ರಾಯಿನ್ ಕೊಳ್ಳುವವರು ಯಾರಾದರೂ ಹುಟ್ಟಿಕೊಂಡರೆ ಒಳ್ಳೆ ಗೂಡಿನ ಲಾಟನ್ನು ಎಂದಿನಂತೆ ಮಾರುಕಟ್ಟೆಗೆ ಹಾಕಿ, ತೂತುಗೂಡನ್ನು ಬೇರೆ ಚೀಲದಲ್ಲಿ ಒಣಗಿಸಿ ಎತ್ತಿಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ.